ಮಿನಿಟ್‌ಮೆನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಪಂಕ್, ಫಂಕ್, ಜಾಝ್ ಮತ್ತು ಮೂವರು ಗೆಳೆಯರು

ಗೆಳೆಯರಿಗೆ ಮಿನಿಟ್‌ಮೆನ್ ತಂಡದ ಹಾಡು ಕೇಳಿಸಿದಾಗಲೆಲ್ಲ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. "ಇದು ಪಂಕಾ, ಫಂಕಾ?" "ಅಷ್ಟೇನಾ, ಹಾಡು ಮುಗೀತಾ?" "ಗಿಟಾರ್ ಯಾಕೆ ಇಷ್ಟು ಕೀರಲು?" ನನಗೆ ಗೊತ್ತಿರುವ ಉತ್ತರಗಳನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಈ ತಂಡ ಅಂದರೆ ನನಗೆ ತುಂಬಾ ಪ್ರೀತಿ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಮಿನಿಟ್‌ಮೆನ್ ಅಂದರೆ ಯಾರು?

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಪೀಡ್ರೋ ಎಂಬ ಬಂದರು ಊರಿನ ಮೂವರು. ಗಿಟಾರ್ ಮತ್ತು ಹಾಡುಗಾರಿಕೆಗೆ ಡಿ. ಬೂನ್, ಬೇಸ್ ಗಿಟಾರಿಗೆ ಮೈಕ್ ವಾಟ್, ಡ್ರಮ್ಸಿಗೆ ಜಾರ್ಜ್ ಹರ್ಲಿ. ತಂಡ ಶುರುವಾದದ್ದು 1980ರ ಜನವರಿಯಲ್ಲಿ, ನಿಂತುಹೋದದ್ದು 1985ರ ಡಿಸೆಂಬರಿನಲ್ಲಿ. ಆರು ವರ್ಷಕ್ಕೆ ಸ್ವಲ್ಪ ಕಮ್ಮಿ. ಅಷ್ಟರಲ್ಲಿ ಪಂಕ್ ಎಂಬ ಒರಟು, ವೇಗದ ರಾಕ್‌ನ ಸಿಟ್ಟು, ಫಂಕ್ ಎಂಬ ಕುಣಿಸುವ ಸಂಗೀತದ ಲಯ, ಜಾಝ್‌ನ ಸ್ವಾತಂತ್ರ್ಯ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದರು. ಆ ರುಚಿ ಇವತ್ತಿಗೂ ಹಳಸಿಲ್ಲ.

ಸ್ಯಾನ್ ಪೀಡ್ರೋ ಎಂಥ ಊರು?

ಲಾಸ್ ಏಂಜಲೀಸಿನ ಬಂದರು ಇರುವುದು ಇಲ್ಲೇ. 1909ರಿಂದ ಇದು ಲಾಸ್ ಏಂಜಲೀಸ್ ನಗರದ ಭಾಗ. ಆದರೆ ಹಾಲಿವುಡ್‌ನ ಥಳಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಡಗಿನಿಂದ ಸರಕು ಇಳಿಸುವವರು, ಮೀನುಗಾರರು, ನೌಕಾಪಡೆಯವರು, ಕಾರ್ಖಾನೆ ಕೆಲಸದವರು ಬೆಳೆಸಿದ ಊರು. ಸ್ಪ್ಯಾನಿಷ್ ಪ್ರಕಾರ 'ಪೆಡ್ರೋ' ಅನ್ನಬೇಕು. ಊರವರು ಮಾತ್ರ 'ಪೀಡ್ರೋ' ಅನ್ನುತ್ತಾರೆ. ನಾನೂ ಇಲ್ಲಿ ಹಾಗೇ ಬರೆಯುತ್ತಿದ್ದೇನೆ. ಮೈಕ್ ವಾಟ್ ಯಾವ ದೇಶದ ವೇದಿಕೆ ಹತ್ತಿದರೂ ತಾನು ಪೀಡ್ರೋದವನು ಅಂತ ಹೇಳದೆ ಇಳಿಯುವುದಿಲ್ಲ.

ಬೂನ್ ಮತ್ತು ವಾಟ್ ಗೆಳೆಯರಾದದ್ದು ಹೇಗೆ?

ಮರದ ಮೇಲಿಂದ! ವಾಟ್ ಹುಟ್ಟಿದ್ದು 1957ರಲ್ಲಿ, ವರ್ಜೀನಿಯಾದಲ್ಲಿ. ಅಪ್ಪ ನೌಕಾಪಡೆಯಲ್ಲಿದ್ದರು, ಹಾಗಾಗಿ ಸಂಸಾರ ಪೀಡ್ರೋಗೆ ಬಂತು. ಬೂನ್ ಹುಟ್ಟಿದ್ದು 1958ರಲ್ಲಿ. ಅವನ ಅಪ್ಪನೂ ಹಿಂದೆ ನೌಕಾಪಡೆಯಲ್ಲಿದ್ದವರು. ಆಮೇಲೆ ಕಾರುಗಳಿಗೆ ರೇಡಿಯೊ ಕೂರಿಸುವ ಕೆಲಸ ಮಾಡುತ್ತಿದ್ದರು. ಯುದ್ಧಕಾಲದಲ್ಲಿ ಸೈನಿಕರಿಗೆ ಕಟ್ಟಿದ ಸಾಲುಮನೆಗಳನ್ನೇ ಆಮೇಲೆ ಬಡವರ ವಸತಿಯಾಗಿ ಮಾಡಿದ್ದರು. ಬೂನ್ ಮನೆಯವರಿದ್ದದ್ದು ಅಲ್ಲಿ.

ಇಬ್ಬರಿಗೂ ಹದಿಮೂರರ ಆಸುಪಾಸು. ವಾಟ್ ಒಂದು ದಿನ ಪಾರ್ಕಿನಲ್ಲಿ ನಡೆದು ಹೋಗುತ್ತಿದ್ದ. ಬೂನ್ ಹುಡುಗರ ಜೊತೆ ಯುದ್ಧದಾಟ ಆಡುತ್ತಾ ಮರದಲ್ಲಿ ಅಡಗಿದ್ದ. ಕೆಳಗೆ ಬಂದವನು ತನ್ನ ಗೆಳೆಯನೇ ಅಂದುಕೊಂಡು ದೊಪ್ಪನೆ ಧುಮುಕಿದ. ಅವನಲ್ಲ ಅಂತ ಗೊತ್ತಾಯಿತು. ಆದರೂ ಇಬ್ಬರೂ ಮಾತಿಗೆ ಬಿದ್ದರು. ಬೂನ್ ಒಂದಾದ ಮೇಲೊಂದು ನಗೆಚಟಾಕಿ ಹಾರಿಸುತ್ತಿದ್ದ. ಇವನೆಂಥ ಜಾಣ ಅಂತ ವಾಟ್‌ಗೆ ಬೆರಗು. ಅವೆಲ್ಲ ಜಾರ್ಜ್ ಕಾರ್ಲಿನ್ ಎಂಬ ಹಾಸ್ಯಗಾರನ ರೆಕಾರ್ಡಿನಿಂದ ಬಾಯಿಪಾಠ ಮಾಡಿದ್ದವು ಅಂತ ತಿಳಿದದ್ದು ಆಮೇಲೆ. ಅಷ್ಟರಲ್ಲಿ ಗೆಳೆತನ ಗಟ್ಟಿಯಾಗಿತ್ತು.

ವಾಟ್‌ಗೆ ಬೇಸ್ ಗಿಟಾರ್ ಅಂದರೇನೆಂದೇ ಗೊತ್ತಿರಲಿಲ್ಲವಂತೆ. ನಿಜವಾ?

ನಿಜ. ಸುತ್ತಮುತ್ತ ವಾತಾವರಣ ಅಷ್ಟೇನೂ ಚೆನ್ನಾಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಹುಡುಗರು ಬೀದಿ ಸುತ್ತುವುದು ಬೇಡ, ಮನೆಯಲ್ಲೇ ಇರಲಿ ಅಂತ ಬೂನ್‌ನ ಅಮ್ಮ ಒಂದು ಉಪಾಯ ಮಾಡಿದರು. ಮಗನ ಕೈಗೆ ಗಿಟಾರ್ ಕೊಟ್ಟರು. "ನೀನು ಬೇಸ್ ನುಡಿಸು" ಅಂತ ವಾಟ್‌ಗೆ ಹೇಳಿದರು. ಅವರಿಗೂ ಒಂದಿಷ್ಟು ಗಿಟಾರ್ ಬರುತ್ತಿತ್ತು. ವಾಟ್ ಬೇಸ್ ಗಿಟಾರನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ನಾಲ್ಕು ತಂತಿ ಇರುತ್ತದೆ ಅಂತ ಮಾತ್ರ ಕೇಳಿದ್ದ. ಮಾಮೂಲಿ ಗಿಟಾರಿಗೇ ನಾಲ್ಕು ತಂತಿ ಹಾಕಿಕೊಂಡು ಬಹಳ ದಿನ ನುಡಿಸಿದ.

ಇಬ್ಬರೂ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್, ದ ಹೂ, ಬ್ಲೂ ಆಯ್‌ಸ್ಟರ್ ಕಲ್ಟ್ ತಂಡಗಳ ಹಾಡುಗಳನ್ನು ಕೇಳಿ ಕೇಳಿ ಕಲಿತರು. ಹಾಡುಗಳನ್ನು ತಾವೇ ಬರೆಯಬಹುದು ಅಂತ ಅವರಿಗೆ ಹೊಳೆದಿರಲೇ ಇಲ್ಲ. ಸ್ವಂತ ಹಾಡು ಅಂದರೆ ದೊಡ್ಡವರು, ಬೇರೆ ಯಾರೋ ಮಾಡುವ ಕೆಲಸ ಅಂದುಕೊಂಡಿದ್ದರು.

ದಾರಿ ತೋರಿಸಿದ ಆ ಅಮ್ಮ 1978ರಲ್ಲಿ ತೀರಿಕೊಂಡರು. ಮಗನ ತಂಡ ರೆಕಾರ್ಡ್ ಮಾಡುವುದನ್ನು ನೋಡಲು ಅವರು ಇರಲಿಲ್ಲ.

ಮತ್ತೆ ಪಂಕ್‌ಗೆ ಬಂದದ್ದು ಹೇಗೆ?

1970ರ ದಶಕದ ಕೊನೆಗೆ ಹಾಲಿವುಡ್‌ನ ಸಣ್ಣ ಕ್ಲಬ್ಬುಗಳಲ್ಲಿ ಪಂಕ್ ತಂಡಗಳು ನುಡಿಸುತ್ತಿದ್ದವು. ಇವರಿಬ್ಬರೂ ಹೋಗಿ ನೋಡಿದರು. ಅದುವರೆಗೆ ಇವರು ಕಂಡಿದ್ದದ್ದು ದೊಡ್ಡ ಸ್ಟೇಡಿಯಂಗಳ ರಾಕ್. ದೂರದಲ್ಲೆಲ್ಲೋ ಇರುವೆ ಗಾತ್ರದ ಕಲಾವಿದರು. ಇಲ್ಲಿ ನೋಡಿದರೆ ಹಾಡುವವರು ಕೈಗೆ ಸಿಗುವಷ್ಟು ಹತ್ತಿರ. ಕೆಲವರಿಗೆ ನುಡಿಸಲು ಸರಿಯಾಗಿ ಬರುತ್ತಲೂ ಇರಲಿಲ್ಲ. ಆದರೂ ಹಾಡು ಅವರದ್ದೇ. "ಇದನ್ನು ನಾವೂ ಮಾಡಬಹುದು" ಅಂತ ಅನ್ನಿಸಿದ್ದು ಆಗಲೇ.

1978ರಲ್ಲಿ ರಿಯಾಕ್ಷನರೀಸ್ ಅಂತ ಒಂದು ತಂಡ ಕಟ್ಟಿದರು. ಮಾರ್ಟಿನ್ ಟಾಂಬುರೊವಿಚ್ ಹಾಡುತ್ತಿದ್ದ. ಅವರದೇ ಹೈಸ್ಕೂಲಿನ ಸರ್ಫರ್ ಹುಡುಗ ಜಾರ್ಜ್ ಹರ್ಲಿ ಡ್ರಮ್ಸ್. 1979ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ಎಂಬ ಪಂಕ್ ತಂಡದ ಗ್ರೆಗ್ ಗಿನ್ ಪರಿಚಯವಾಯಿತು. ಬ್ಲ್ಯಾಕ್ ಫ್ಲ್ಯಾಗ್ ಪೀಡ್ರೋದಲ್ಲಿ ನುಡಿಸಿದಾಗ ರಿಯಾಕ್ಷನರೀಸ್ ತಂಡಕ್ಕೂ ಅವಕಾಶ ಸಿಕ್ಕಿತು. ಆ ತಂಡ ಜಾಸ್ತಿ ದಿನ ಬಾಳಲಿಲ್ಲ. ಮುಂದೆ ನಿಂತು ಹಾಡುವವನೊಬ್ಬ, ಹಿಂದೆ ನುಡಿಸುವವರು ಉಳಿದವರು ಎಂಬ ಏರ್ಪಾಡು ಬೂನ್ ಮತ್ತು ವಾಟ್‌ಗೆ ಹಿಡಿಸಲಿಲ್ಲ. 1980ರಲ್ಲಿ ಮಿನಿಟ್‌ಮೆನ್ ಕಟ್ಟಿದಾಗ ಮೊದಲು ಫ್ರಾಂಕ್ ಟಾಂಚೆ ಡ್ರಮ್ಸ್ ನುಡಿಸಿದ. ಕೆಲವೇ ತಿಂಗಳಲ್ಲಿ ಹರ್ಲಿ ವಾಪಸ್ ಬಂದ. ಅಲ್ಲಿಂದಾಚೆ ಮೂವರೇ.

ಹಾಡುಗಳು ಒಂದು ನಿಮಿಷದವು ಅಂತ ಆ ಹೆಸರಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ, ಕರೆ ಬಂದ ನಿಮಿಷದಲ್ಲೇ ಬಂದೂಕು ಹಿಡಿದು ಹೊರಡುತ್ತಿದ್ದ ರೈತರು, ಕಸುಬುದಾರರ ಪಡೆಗೆ ಮಿನಿಟ್‌ಮೆನ್ ಅಂತ ಹೆಸರು. 1960ರ ದಶಕದಲ್ಲಿ ಒಂದು ಉಗ್ರ ಬಲಪಂಥೀಯ ಗುಂಪು ಅದೇ ಹೆಸರನ್ನು ಇಟ್ಟುಕೊಂಡಿತ್ತು. ಬೂನ್ ಅದನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ ತನ್ನ ತಂಡಕ್ಕೆ ಇಟ್ಟ. ಇನ್ನೊಂದು ಅರ್ಥವೂ ಇದೆ. ಆ ಇಂಗ್ಲಿಷ್ ಪದವನ್ನೇ 'ಮೈನ್ಯೂಟ್' ಅಂತ ಓದಿದರೆ ಬಹಳ ಚಿಕ್ಕದು ಅಂತಾಗುತ್ತದೆ. ಸ್ಟೇಡಿಯಂ ರಾಕ್‌ನ ದೈತ್ಯರ ಎದುರು ನಾವು ಪುಟಾಣಿಗಳು ಅನ್ನುವ ಭಾವ.

ಸರಿ, ಆದರೆ ಹಾಡುಗಳು ಯಾಕೆ ಅಷ್ಟು ಚಿಕ್ಕವು?

ಇಂಗ್ಲೆಂಡಿನ ವೈರ್ ತಂಡ 1977ರಲ್ಲಿ ತಂದ ಮೊದಲ ಆಲ್ಬಮ್ ಇವರ ಕಣ್ಣು ತೆರೆಸಿತು. ಹೇಳಬೇಕಾದದ್ದು ಮುಗಿದರೆ ಹಾಡೂ ಮುಗಿಯಿತು ಅನ್ನುವ ಧೋರಣೆ ಅದರಲ್ಲಿದೆ. ಇವರು ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಪಲ್ಲವಿಗೆ ಮತ್ತೆ ಮತ್ತೆ ಬರುವುದಿಲ್ಲ. ಉದ್ದನೆಯ ಗಿಟಾರ್ ಸೋಲೋ ಇಲ್ಲ. ಕೊನೆಗೆ ಮೆಲ್ಲಗೆ ಕರಗಿಹೋಗುವುದೂ ಇಲ್ಲ. ಥಟ್ಟನೆ ಶುರು, ಥಟ್ಟನೆ ನಿಲುಗಡೆ.

1980ರ 'ಪ್ಯಾರನಾಯ್ಡ್ ಟೈಮ್' ಅವರ ಮೊದಲ ರೆಕಾರ್ಡ್. ಏಳು ಹಾಡು, ಒಟ್ಟು ಏಳು ನಿಮಿಷವೂ ಇಲ್ಲ. ಗ್ರೆಗ್ ಗಿನ್‌ನ ಎಸ್‌ಎಸ್‌ಟಿ ಕಂಪನಿ ತಂದ ಎರಡನೇ ರೆಕಾರ್ಡ್ ಅದು. ಮೊದಲನೆಯದು ಬ್ಲ್ಯಾಕ್ ಫ್ಲ್ಯಾಗ್‌ನದೇ. 1981ರ 'ದ ಪಂಚ್ ಲೈನ್' ಇನ್ನೂ ಗಮ್ಮತ್ತು: 18 ಹಾಡು, 15 ನಿಮಿಷ. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಇಡೀ ಆಲ್ಬಮ್ ಮುಗಿದಿರುತ್ತದೆ. ಮತ್ತೆ ಮೊದಲಿಂದ ಹಾಕಬೇಕು ಅನ್ನಿಸುತ್ತದೆ. ನಾನು ಹಾಕುತ್ತೇನೆ.

ಇದರಲ್ಲಿ ಫಂಕ್ ಎಲ್ಲಿದೆ? ಜಾಝ್ ಎಲ್ಲಿದೆ?

ನನಗೆ ಬಲು ಇಷ್ಟದ ಪ್ರಶ್ನೆ. ಮೊದಲು ಫಂಕ್. ಫಂಕ್‌ನಲ್ಲಿ ಆವರ್ತದ ಮೊದಲ ಏಟಿಗೆ ತೂಕ ಜಾಸ್ತಿ. ನಮ್ಮ ತಾಳದಲ್ಲಿ ಸಮಕ್ಕೆ ಇರುವ ಹಾಗೆ ಅಂದುಕೊಳ್ಳಿ. ಆ ಏಟನ್ನು ಬೇಸ್ ಮತ್ತು ಡ್ರಮ್ಸ್ ಗಟ್ಟಿಯಾಗಿ ಹಿಡಿದಿರುತ್ತವೆ. ಗಿಟಾರ್ ನಡುನಡುವೆ ಬಂದು ಕೆರೆದು ಹೋಗುತ್ತದೆ. ಎಡಗೈ ಬೆರಳುಗಳನ್ನು ತಂತಿಯ ಮೇಲೆ ಹಗುರವಾಗಿ ಇಟ್ಟು ಬಲಗೈಯಲ್ಲಿ ಬಾರಿಸಿದರೆ ಸ್ವರ ಹುಟ್ಟುವುದಿಲ್ಲ, 'ಚಕ್ ಚಕ್' ಎಂಬ ಸದ್ದು ಮಾತ್ರ ಬರುತ್ತದೆ. ಬೂನ್ ಇದನ್ನು ಪಂಕ್ ವೇಗದಲ್ಲಿ ಮಾಡಿದ. 'ವಿಯೆಟ್ನಾಂ' ಎಂಬ ಹಾಡು ಕೇಳಿ. ಒಂದೂವರೆ ನಿಮಿಷವೂ ಇಲ್ಲ. ಕಾಲು ತಾನಾಗಿಯೇ ಕುಣಿಯುತ್ತದೆ. ಮಾತು ಮಾತ್ರ ಯುದ್ಧದಲ್ಲಿ ಸತ್ತವರ ಲೆಕ್ಕದ್ದು.

ಜಾಝ್ ಅಂದರೆ ಇಲ್ಲಿ ಕೋಟು ಹಾಕಿದವರು ಹೋಟೆಲಿನಲ್ಲಿ ನುಡಿಸುವ ಜಾಝ್ ಅಲ್ಲ. ಜಾನ್ ಕೋಲ್ಟ್ರೇನ್‌ನ ಸ್ಯಾಕ್ಸಫೋನ್ ಕೇಳಿದಾಗ ವಾಟ್‌ಗೆ ಇದು ಪಂಕೇ ಅನ್ನಿಸಿತ್ತಂತೆ. ಯಾರಪ್ಪಣೆಗೂ ಕಾಯದೆ ಎದೆಯಲ್ಲಿದ್ದದ್ದನ್ನು ಹೊರಹಾಕುವ ಸಂಗೀತ. ಮಿನಿಟ್‌ಮೆನ್‌ನಲ್ಲಿ ಜಾಝ್ ಕಾಣುವುದು ಮೂವರ ಮಾತುಕತೆಯಲ್ಲಿ. ವಾಟ್ ಬೇಸಿನಲ್ಲಿ ಒಂದು ಸಾಲು ಹೇಳುತ್ತಾನೆ. ಹರ್ಲಿ ಡ್ರಮ್ಸಿನಲ್ಲಿ ಅದಕ್ಕೆ ಅಡ್ಡ ಹೋಗುತ್ತಾನೆ. ಬೂನ್ ಇಬ್ಬರ ನಡುವೆ ನುಗ್ಗುತ್ತಾನೆ. 1983ರ 'ಬಝ್ ಆರ್ ಹೌಲ್' ರೆಕಾರ್ಡಿನಲ್ಲಿ ಸ್ಟುಡಿಯೋದಲ್ಲೇ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸಿದ ಭಾಗಗಳೂ ಇವೆ, ಒಂದು ಹಾಡಿನಲ್ಲಿ ಟ್ರಂಪೆಟ್ ಕೂಡ ಇದೆ.

ಈ ಬೆರಕೆಗೆ ಧೈರ್ಯ ಕೊಟ್ಟದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನ ದ ಪಾಪ್ ಗ್ರೂಪ್. ಜಾರ್ಜ್ ಕ್ಲಿಂಟನ್‌ನ ಫಂಕಡೆಲಿಕ್ ತಂಡದ ಫಂಕ್‌ಗೆ ಕ್ಯಾಪ್ಟನ್ ಬೀಫ್‌ಹಾರ್ಟ್ ಎಂಬ ರಾಕ್ ಗಾಯಕನ ಹುಚ್ಚು ಲಯವನ್ನು ಅವರು ಸೇರಿಸಬಹುದಾದರೆ ನಾವು ಯಾಕೆ ಹಿಂಜರಿಯಬೇಕು ಅಂತ ಇವರಿಗೆ ಅನ್ನಿಸಿತು. ಪಂಕ್ ಅಂದರೆ ಇವರಿಗೆ ಒಂದು ಶೈಲಿಯ ಹೆಸರಾಗಿರಲಿಲ್ಲ. ಇಷ್ಟಬಂದದ್ದನ್ನು ಮಾಡಲು ಸಿಕ್ಕ ಪರವಾನಗಿ ಆಗಿತ್ತು.

ಬೂನ್‌ನ ಗಿಟಾರ್ ಯಾಕೆ ಅಷ್ಟು ಕೀರಲು?

ಬೇಕಂತಲೇ. ರಾಕ್ ತಂಡಗಳಲ್ಲಿ ಗಿಟಾರಿನದೇ ಯಜಮಾನಿಕೆ. ದಪ್ಪ ಸದ್ದಿನಲ್ಲಿ ಬೇಸ್ ಮುಳುಗಿಯೇ ಹೋಗುತ್ತದೆ. ಬೂನ್ ತನ್ನ ಆಂಪ್ಲಿಫೈಯರಿನಲ್ಲಿ ಮಂದ್ರದ ಸದ್ದನ್ನು ಪೂರ್ತಿ ಕಮ್ಮಿ ಮಾಡಿ ತಾರದ ಕಡೆಗೆ ತಿರುಗಿಸಿಬಿಟ್ಟ. ಕೆಳಗಿನ ಜಾಗವೆಲ್ಲ ವಾಟ್‌ಗೆ ಖಾಲಿಯಾಯಿತು. ಹರ್ಲಿಯ ಡ್ರಮ್ಸೂ ಒಂದೊಂದು ಏಟು ಬಿಡಿಬಿಡಿಯಾಗಿ ಕೇಳತೊಡಗಿತು. ಬೂನ್‌ಗೆ ಇದು ರಾಜಕೀಯವೇ ಆಗಿತ್ತು. ಸಮಾನತೆ ಅಂತ ಹಾಡಿನಲ್ಲಿ ಹೇಳುವವನು ತಂಡದಲ್ಲಿ ದೊರೆಯಾಗಿರಬಾರದು, ಅಲ್ವಾ?

ನನಗೆ ಈ ತಂಡದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಸಮಾನತೆಯ ಬಗ್ಗೆ ಹಾಡಿದ ತಂಡಗಳು ಬೇಕಾದಷ್ಟಿವೆ. ಅದನ್ನು ಆಂಪ್ಲಿಫೈಯರಿನ ತಿರುಗಣೆಯಲ್ಲೇ ಮಾಡಿ ತೋರಿಸಿದ ಇನ್ನೊಬ್ಬ ಗಿಟಾರ್ ವಾದಕನನ್ನು ನಾನು ಕಂಡಿಲ್ಲ.

'ಎಕಾನೊ' ಅಂತ ಅವರು ಹೇಳುತ್ತಿದ್ದದ್ದು ಏನು?

ಪೀಡ್ರೋ ಹುಡುಗರ ಆಡುಮಾತು. ಕಮ್ಮಿ ಖರ್ಚಿನಲ್ಲಿ, ಇದ್ದದ್ದರಲ್ಲೇ, ಅಚ್ಚುಕಟ್ಟಾಗಿ ಮಾಡುವುದು ಎಕಾನೊ. ಫೋರ್ಡ್ ಎಕಾನೊಲೈನ್ ವ್ಯಾನಿನ ನೆನಪೂ ಆ ಪದದಲ್ಲಿದೆ. ಸ್ಟುಡಿಯೋ ಬಾಡಿಗೆ ಕಮ್ಮಿ ಇರುವ ನಡುರಾತ್ರಿಯಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಒಮ್ಮೆ ಬಳಸಿದ ಟೇಪನ್ನೇ ಅಗ್ಗಕ್ಕೆ ಕೊಂಡು ಅದರ ಮೇಲೆ ನುಡಿಸುತ್ತಿದ್ದರು. ಆಲ್ಬಮ್‌ನಲ್ಲಿ ಹಾಡುಗಳು ಯಾವ ಕ್ರಮದಲ್ಲಿ ಬರಬೇಕೋ ಅದೇ ಕ್ರಮದಲ್ಲಿ ನುಡಿಸಿಬಿಡುತ್ತಿದ್ದರು. ಆಮೇಲೆ ಟೇಪ್ ಕತ್ತರಿಸಿ ಜೋಡಿಸುವ ಖರ್ಚು ಉಳಿಯುತ್ತಿತ್ತು. ಕಾರ್ಯಕ್ರಮಗಳಲ್ಲಿ ತಮ್ಮ ಸಾಮಾನು ತಾವೇ ಹೊತ್ತರು, ತಾವೇ ಜೋಡಿಸಿದರು, ತಾವೇ ವ್ಯಾನ್ ಓಡಿಸಿದರು. ಹೊಟ್ಟೆಪಾಡಿಗೆ ಕೆಲಸವನ್ನೂ ಮಾಡುತ್ತಿದ್ದರು.

ಬೂನ್ ಪೀಡ್ರೋದಲ್ಲಿ ಒಂದು ಥಿಯೇಟರ್ ಬಾಡಿಗೆಗೆ ಹಿಡಿದು ಪಂಕ್ ಕಾರ್ಯಕ್ರಮ ಏರ್ಪಡಿಸುತ್ತಿದ್ದ. ಅವು ಸಂಜೆ ಬೇಗ ಶುರುವಾಗಿ ಬೇಗ ಮುಗಿಯುತ್ತಿದ್ದವು. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರೂ ಬರಬೇಕಲ್ಲ! ನ್ಯೂ ಅಲಯನ್ಸ್ ಅಂತ ತಮ್ಮದೇ ಪುಟ್ಟ ರೆಕಾರ್ಡ್ ಕಂಪನಿಯನ್ನೂ ಗೆಳೆಯರು ಸೇರಿ ತೆರೆದರು. ಹಸ್ಕರ್ ಡೂ ಮತ್ತು ಡಿಸೆಂಡೆಂಟ್ಸ್ ತಂಡಗಳ ಮೊದಲ ಆಲ್ಬಮ್‌ಗಳು 1982ರಲ್ಲಿ ಬಂದದ್ದು ಈ ಪುಟ್ಟ ಕಂಪನಿಯಿಂದಲೇ.

ಅವರ ದೊಡ್ಡ ಆಲ್ಬಮ್ ಯಾವುದು?

ಯಾವ ಅನುಮಾನವೂ ಬೇಡ: 1984ರ ಜುಲೈನಲ್ಲಿ ಬಂದ 'ಡಬಲ್ ನಿಕಲ್ಸ್ ಆನ್ ದ ಡೈಮ್'. ಎರಡು ಎಲ್‌ಪಿ (ದೊಡ್ಡ ರೆಕಾರ್ಡ್ ತಟ್ಟೆ), ನಾಲ್ಕು ಬದಿ, ನಲವತ್ತಕ್ಕೂ ಹೆಚ್ಚು ಹಾಡು.

ಮೊದಲು ಇದು ಒಂದೇ ಎಲ್‌ಪಿ ಆಗಬೇಕಿತ್ತು. 1983ರ ನವೆಂಬರಿನಲ್ಲಿ ಹಾಡುಗಳು ರೆಕಾರ್ಡ್ ಆಗಿಯೂ ಇದ್ದವು. ಅಷ್ಟರಲ್ಲಿ ಮಿನೆಸೋಟದ ಹಸ್ಕರ್ ಡೂ ತಂಡದವರು ಎರಡು ಎಲ್‌ಪಿಗಳ ಆಲ್ಬಮ್ ರೆಕಾರ್ಡ್ ಮಾಡಿದ ಸುದ್ದಿ ಬಂತು. "ಅವರು ಮಾಡಬಹುದಾದರೆ ನಾವೂ ಮಾಡೋಣ" ಅಂತ ಪ್ರೀತಿಯ ಪೈಪೋಟಿ ಹುಟ್ಟಿತು. ಕೂತು ಇನ್ನೊಂದು ಎಲ್‌ಪಿಗೆ ಆಗುವಷ್ಟು ಹಾಡು ಬರೆದರು. ಗೆಳೆಯರ ಹತ್ತಿರವೂ ಮಾತು ಬರೆಸಿಕೊಂಡರು. ವೆನಿಸ್ ಬೀಚಿನ ರೇಡಿಯೊ ಟೋಕಿಯೊ ಸ್ಟುಡಿಯೋದಲ್ಲಿ ಈಥನ್ ಜೇಮ್ಸ್ ರೆಕಾರ್ಡ್ ಮಾಡಿಕೊಟ್ಟರು. ಮಿಕ್ಸಿಂಗ್ ಒಂದೇ ರಾತ್ರಿಯಲ್ಲಿ ಮುಗಿಯಿತು. ಒಟ್ಟು ಖರ್ಚು 1,100 ಡಾಲರ್. ಎರಡೂ ತಂಡಗಳ ಆಲ್ಬಮ್‌ಗಳನ್ನು ಎಸ್‌ಎಸ್‌ಟಿ ಒಟ್ಟಿಗೇ ಬಿಡುಗಡೆ ಮಾಡಿತು.

ಮೂರು ಬದಿಗಳನ್ನು ಮೂವರೂ ಹಂಚಿಕೊಂಡರು. ಒಬ್ಬೊಬ್ಬರೂ ತಮಗೆ ಬೇಕಾದ ಹಾಡುಗಳನ್ನು ಸರದಿಯಲ್ಲಿ ಆರಿಸಿಕೊಂಡರು. ಮಿಕ್ಕವು ನಾಲ್ಕನೇ ಬದಿಗೆ. ಆ ಬದಿಗೆ 'ಹೊಟ್ಟು' ಅಂತಲೇ ಹೆಸರು. ಮೂವರ ಬದಿಗಳೂ ಶುರುವಾಗುವುದು ಕಾರಿನ ಇಂಜಿನ್ ಸದ್ದಿನಿಂದ. ಬೂನ್‌ನ ಬದಿಗೆ ಬೂನ್‌ನ ಕಾರು, ವಾಟ್‌ನ ಬದಿಗೆ ವಾಟ್‌ನ ಕಾರು.

ಆ ಹೆಸರಿನ ಅರ್ಥ ಏನು? ಕವರ್‌ನಲ್ಲಿರುವ ಕಾರಿನ ಕತೆ ಏನು?

ನಿಕಲ್ ಅಂದರೆ 5 ಸೆಂಟಿನ ನಾಣ್ಯ. ಎರಡು ನಿಕಲ್ ಪಕ್ಕಪಕ್ಕ ಇಟ್ಟರೆ 55. ಲಾರಿ ಡ್ರೈವರುಗಳ ಭಾಷೆಯಲ್ಲಿ ಅದು ಗಂಟೆಗೆ 55 ಮೈಲಿ ವೇಗ, ಅಂದರೆ ಸುಮಾರು 88 ಕಿಲೋಮೀಟರ್. ಆಗ ಅಮೆರಿಕದ ಹೈವೇಗಳಲ್ಲಿ ಅದೇ ವೇಗದ ಮಿತಿ. ಡೈಮ್ ಅಂದರೆ 10 ಸೆಂಟಿನ ನಾಣ್ಯ, ಇಲ್ಲಿ 10ನೇ ನಂಬರಿನ ಹೈವೇ. ಅದೇ ವರ್ಷ ಸ್ಯಾಮಿ ಹೇಗರ್ ಎಂಬ ರಾಕ್ ಗಾಯಕ, 55ರಲ್ಲಿ ಗಾಡಿ ಓಡಿಸಲು ನನ್ನಿಂದ ಆಗದು ಅಂತ ಅಬ್ಬರಿಸಿ ಹಾಡಿದ್ದ. ಗಾಡಿಯನ್ನು ಬೇಕಾದರೆ 55ರಲ್ಲೇ ಓಡಿಸುತ್ತೇವೆ, ಸಾಹಸವನ್ನು ಸಂಗೀತದಲ್ಲಿ ಮಾಡುತ್ತೇವೆ ಅಂತ ಇವರ ಉತ್ತರ.

ಕವರ್ ಫೋಟೋವನ್ನು ಒಮ್ಮೆ ಹತ್ತಿರದಿಂದ ನೋಡಿ. ವಾಟ್ ತನ್ನ ಫೋಕ್ಸ್‌ವ್ಯಾಗನ್ ಬೀಟಲ್ ಓಡಿಸುತ್ತಿದ್ದಾನೆ. ಫೋಟೋ ತೆಗೆದ ಗೆಳೆಯ ಹಿಂದಿನ ಸೀಟಿನಲ್ಲಿದ್ದಾನೆ. ಸ್ಪೀಡೋಮೀಟರಿನ ಮುಳ್ಳು ಸರಿಯಾಗಿ 55ರ ಮೇಲೆ. ಗಾಜಿನಾಚೆ ಸ್ಯಾನ್ ಪೀಡ್ರೋಗೆ ದಾರಿ ತೋರಿಸುವ ಹೈವೇ ಬೋರ್ಡು. ಮೇಲೆ ಕನ್ನಡಿಯಲ್ಲಿ ವಾಟ್‌ನ ನಗುವ ಕಣ್ಣುಗಳು. ಮುಳ್ಳು, ಬೋರ್ಡು, ಕಣ್ಣು ಮೂರೂ ಒಂದೇ ಕ್ಷಣದಲ್ಲಿ ಸಿಗಬೇಕಿತ್ತು. ಹಾಗಾಗಿ ಅದೇ ರಸ್ತೆಯಲ್ಲಿ ಮತ್ತೆ ಮತ್ತೆ ಕಾರು ಓಡಿಸಬೇಕಾಯಿತು.

ಅವರದು ರಾಜಕೀಯದ ತಂಡವೇ?

ಹೌದು. ಆದರೆ ಅವರ ರಾಜಕೀಯ ಹುಟ್ಟಿದ್ದು ಬದುಕಿನಿಂದ. ಬೂನ್ ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ರೇಡಿಯೊದಲ್ಲಿ ಜಾಝ್, ಸೋಲ್ ಹಾಕಿದ. ಕಪ್ಪು ಜನರ ಸಂಗೀತ ಅಂತ ಅಲ್ಲಿನ ಮೇಲಾಳು ಕೀಳು ಮಾತಾಡಿ ಅದನ್ನು ನಿಲ್ಲಿಸಿದ. ಆ ಸಿಟ್ಟು 'ದಿಸ್ ಏಯ್ನ್ಟ್ ನೋ ಪಿಕ್ನಿಕ್' ಎಂಬ ಹಾಡಾಯಿತು. ಅದರ ವಿಡಿಯೋ ಪಕ್ಕಾ ಎಕಾನೊ. ಆಗ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಹಿಂದೆ ನಟರಾಗಿದ್ದವರು. ಅವರು ಪೈಲಟ್ ಪಾತ್ರ ಮಾಡಿದ ಹಳೆಯ ಯುದ್ಧದ ಚಿತ್ರದ ತುಣುಕುಗಳನ್ನು ಹಾಕಿ, ರೇಗನ್ ವಿಮಾನದಿಂದ ಈ ಮೂವರ ಮೇಲೆ ಗುಂಡು ಹಾರಿಸುವ ಹಾಗೆ ಜೋಡಿಸಿದರು.

'ಕೊರೋನ' ಹಾಡಿನ ಕತೆಯೂ ಅಂಥದ್ದೇ. ಗೆಳೆಯರೆಲ್ಲ ಮೆಕ್ಸಿಕೋಗೆ ಸುತ್ತಾಡಲು ಹೋಗಿದ್ದರು. ಕುಡಿದು ಮಲಗಿ ಬೆಳಿಗ್ಗೆ ಎದ್ದಾಗ, ಒಬ್ಬ ಹೆಂಗಸು ಬೀಚಿನಲ್ಲಿ ಖಾಲಿ ಬಾಟಲಿ ಆರಿಸುತ್ತಿದ್ದರು. ಮಾರಿದರೆ ನಾಲ್ಕು ಕಾಸು ಸಿಗುತ್ತದೆ ಅಂತ. ಬೂನ್ ಅದನ್ನು ಮರೆಯಲಿಲ್ಲ. ಮಧ್ಯ ಅಮೆರಿಕದ ದೇಶಗಳಲ್ಲಿ ರೇಗನ್ ಸರ್ಕಾರ ಕೈಯಾಡಿಸುತ್ತಿದ್ದುದನ್ನೂ ಅವನು ಕೊನೆಯವರೆಗೆ ಹಾಡಿನಲ್ಲಿ ಎದುರಿಸಿದ.

ಪಂಕ್ ಪ್ರೇಕ್ಷಕರು ಇವರನ್ನು ಒಪ್ಪಿಕೊಂಡರಾ?

ಸುಲಭವಾಗಿ ಒಪ್ಪಲಿಲ್ಲ. 1980ರ ದಶಕದ ಹಾರ್ಡ್‌ಕೋರ್ (ಇನ್ನೂ ಒರಟು, ಇನ್ನೂ ವೇಗದ ಪಂಕ್) ಹುಡುಗರಿಗೆ ವೇಗ ಬೇಕು, ಕೂಗಾಟ ಬೇಕು. ಇಲ್ಲಿ ನೋಡಿದರೆ ಮೈಕೈ ತುಂಬಿದ ಒಬ್ಬ ದಢೂತಿ ಹುಡುಗ ವೇದಿಕೆ ತುಂಬ ಕುಣಿಯುತ್ತಾ ಫಂಕ್ ನುಡಿಸುತ್ತಾನೆ! 1983ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ಜೊತೆ ಯುರೋಪಿಗೆ ಹೋದಾಗ ಉಗುಳಿಸಿಕೊಂಡದ್ದೂ ಉಂಟು. ಜಗಳಕ್ಕೆ ಹೋಗುವ ಬದಲು ವಾಟ್ ಒಂದು ಹಾಡು ಬರೆದ. 'ಹಿಸ್ಟರಿ ಲೆಸನ್, ಭಾಗ 2'. ನಾವೂ ನಿಮ್ಮ ಹಾಗೇ ಇದ್ದವರು, ಪಂಕ್ ನಮ್ಮ ಬದುಕು ಬದಲಿಸಿತು, ನಾನು ಮತ್ತು ಮೈಕ್ ವಾಟ್ ವರ್ಷಗಟ್ಟಲೆ ಗಿಟಾರ್ ನುಡಿಸಿಕೊಂಡು ಬಂದವರು ಅಂತ ಮೆಲುದನಿಯಲ್ಲಿ ಹೇಳುವ ಹಾಡು. ಬರೆದವನು ವಾಟ್, ಹಾಡಿದವನು ಬೂನ್. ಮೈಕೆಲ್ ಅಝರಾಡ್ 2001ರಲ್ಲಿ ಅಮೆರಿಕದ ಸ್ವತಂತ್ರ ತಂಡಗಳ ಬಗ್ಗೆ ಬರೆದ ಪುಸ್ತಕದ ಹೆಸರು ಈ ಹಾಡಿನ ಮೊದಲ ಸಾಲಿನಿಂದಲೇ ಬಂದದ್ದು.

'ಪ್ರಾಜೆಕ್ಟ್: ಮರ್ಶ್' ಬಂದಾಗ ದುಡ್ಡಿಗೆ ಮಾರಿಕೊಂಡರು ಅಂತ ಮಾತು ಬಂತಾ?

'ಮರ್ಶ್' ಅಂದರೆ ಅವರ ಆಡುಮಾತಿನಲ್ಲಿ ಕಮರ್ಷಿಯಲ್. 1985ರ ಈ ರೆಕಾರ್ಡಿನಲ್ಲಿ ಹಾಡುಗಳು ಉದ್ದ, ತುತ್ತೂರಿಗಳಿವೆ, ಪಲ್ಲವಿಗಳೂ ಇವೆ. ಆದರೆ ಕವರ್ ನೋಡಿದರೆ ವಿಷಯ ಗೊತ್ತಾಗುತ್ತದೆ. ರೆಕಾರ್ಡ್ ಕಂಪನಿಯ ಸಾಹೇಬರು ಕೂತು, ಇವರಿಂದ ಹಿಟ್ ಹಾಡು ಬರೆಸೋಣ ಅಂತ ಚರ್ಚೆ ಮಾಡುತ್ತಿರುವ ಚಿತ್ರ. ಬರೆದದ್ದು ಬೂನ್ ಸ್ವತಃ. ಅವನು ಚಿತ್ರಕಾರನೂ ಹೌದು. ನನಗೆ ಇದು ಅವರ ಒಳ್ಳೆಯ ರೆಕಾರ್ಡ್ ಅನ್ನಿಸುವುದಿಲ್ಲ. ಮೂವರ ನಡುವಿನ ಆ ಖಾಲಿ ಜಾಗ ಇದರಲ್ಲಿ ತುಂಬಿಹೋಗಿದೆ.

ತಂಡ ಮುಗಿದದ್ದು ಹೇಗೆ?

1985ರ ಕೊನೆಗೆ ಆರ್‌ಇಎಂ ತಂಡದ ಪ್ರವಾಸದಲ್ಲಿ ಇವರೂ ನುಡಿಸಿದರು. ಡಿಸೆಂಬರ್ 13ರಂದು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ನುಡಿಸಿದ್ದೇ ಕೊನೆಯ ಕಾರ್ಯಕ್ರಮ.

ಡಿಸೆಂಬರ್ 22. ಅರಿಜೋನದ ಮರುಭೂಮಿಯ ರಸ್ತೆ. ಬೂನ್‌ಗೆ ಜ್ವರವಿತ್ತು. ವ್ಯಾನಿನ ಹಿಂಭಾಗದಲ್ಲಿ ಮಲಗಿದ್ದ, ಸೀಟ್ ಬೆಲ್ಟ್ ಇರಲಿಲ್ಲ. ವ್ಯಾನ್ ರಸ್ತೆ ಬಿಟ್ಟು ಉರುಳಿತು. ಹಿಂದಿನ ಬಾಗಿಲಿನಿಂದ ಬೂನ್ ಹೊರಗೆ ಬಿದ್ದ. ಕತ್ತು ಮುರಿದು ಅಲ್ಲೇ ಪ್ರಾಣ ಹೋಯಿತು. 27 ವರ್ಷ. ಆ ರಸ್ತೆ 10ನೇ ನಂಬರಿನ ಹೈವೇ. ಆಲ್ಬಮ್ ಹೆಸರಿನಲ್ಲಿದ್ದ ಅದೇ ಡೈಮ್.

ಅವರ ಕೊನೆಯ ಸ್ಟುಡಿಯೋ ಆಲ್ಬಮ್ '3-ವೇ ಟೈ' ಅದೇ ತಿಂಗಳು ಬಂದಿತ್ತು. ಅದರೊಳಗೆ ಒಂದು ಮತಪತ್ರ ಇಟ್ಟಿದ್ದರು. ಮುಂದಿನ ಲೈವ್ ಆಲ್ಬಮ್‌ನಲ್ಲಿ ಯಾವ ಹಾಡು ಇರಬೇಕು ಅಂತ ಕೇಳುಗರೇ ಗುರುತು ಹಾಕಿ ಕಳಿಸಬೇಕು. ಮತಗಳು ಬಂದವು. ಬೂನ್ ಇರಲಿಲ್ಲ. ಇದ್ದಬದ್ದ ಟೇಪುಗಳನ್ನು ಸೇರಿಸಿ 1987ರಲ್ಲಿ 'ಬ್ಯಾಲಟ್ ರಿಸಲ್ಟ್' ಅಂತ ಹೊರತಂದರು.

ಆಮೇಲೆ ವಾಟ್ ಮತ್ತು ಹರ್ಲಿ ಏನು ಮಾಡಿದರು?

ವಾಟ್ ಬೇಸ್ ಮುಟ್ಟುವುದನ್ನೇ ಬಿಟ್ಟಿದ್ದ. ನ್ಯೂಯಾರ್ಕಿನ ಸೋನಿಕ್ ಯೂತ್ ತಂಡದ ಗೆಳೆಯರು ಅವನನ್ನು ಕರೆಸಿಕೊಂಡು ತಮ್ಮ ಜೊತೆ ನುಡಿಸುವಂತೆ ಮಾಡಿದರು. 1986ರಲ್ಲಿ ಎಡ್ ಕ್ರಾಫರ್ಡ್ ಎಂಬ ಅಭಿಮಾನಿ ಒಹಾಯೋದಿಂದ ಪೀಡ್ರೋಗೇ ಬಂದು, ಮತ್ತೆ ನುಡಿಸಿ ಅಂತ ದುಂಬಾಲು ಬಿದ್ದ. ಅವನನ್ನೇ ಸೇರಿಸಿಕೊಂಡು ಫೈರ್‌ಹೋಸ್ ತಂಡ ಕಟ್ಟಿದರು. ಅದು 1994ರವರೆಗೆ ನಡೆಯಿತು.

1997ರಲ್ಲಿ ವಾಟ್ 'ಕಾಂಟೆಂಪ್ಲೇಟಿಂಗ್ ದ ಇಂಜಿನ್ ರೂಮ್' ತಂದ. ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿಯುವ ಮೂವರ ಕತೆ. ಅಪ್ಪನ ನೌಕಾಪಡೆಯ ಬದುಕನ್ನೂ ಮಿನಿಟ್‌ಮೆನ್ ಕತೆಯನ್ನೂ ಒಂದರೊಳಗೊಂದು ಹೆಣೆದಿದ್ದಾನೆ. 2003ರಿಂದ ಹತ್ತು ವರ್ಷ ಇಗ್ಗಿ ಪಾಪ್‌ನ ಸ್ಟೂಜಸ್ ತಂಡದಲ್ಲಿ ಬೇಸ್ ನುಡಿಸಿದ. ಅವನೂ ಹರ್ಲಿಯೂ ಆಗಾಗ ಇಬ್ಬರೇ ಸೇರಿ ಹಳೆಯ ಹಾಡು ನುಡಿಸಿದ್ದಾರೆ. ಗಿಟಾರಿಗೆ ಬೇರೆ ಯಾರನ್ನೂ ಕೂರಿಸದೆ. ತಂಡದ ಬಗ್ಗೆ 'ವೀ ಜ್ಯಾಮ್ ಎಕಾನೊ' ಎಂಬ ಸಾಕ್ಷ್ಯಚಿತ್ರ 2005ರಲ್ಲಿ ಬಂತು. ಮೊದಲ ಪ್ರದರ್ಶನ ಪೀಡ್ರೋದ ವಾರ್ನರ್ ಗ್ರ್ಯಾಂಡ್ ಥಿಯೇಟರಿನಲ್ಲೇ.

ಫಂಕ್, ಜಾಝ್, ಪಂಕ್ ಬೆರೆಸಿದವರು ಇವರೊಬ್ಬರೇನಾ?

ಅಲ್ಲ. ಪಾಪ್ ಗ್ರೂಪ್ ಬಗ್ಗೆ ಆಗಲೇ ಹೇಳಿದೆ. ನ್ಯೂಯಾರ್ಕಿನಲ್ಲಿ ಜೇಮ್ಸ್ ಚಾನ್ಸ್ ಸ್ಯಾಕ್ಸಫೋನ್ ಹಿಡಿದು ಕಂಟಾರ್ಷನ್ಸ್ ತಂಡದ ಜೊತೆ ಚೀರುತ್ತಿದ್ದ. ಟೆಕ್ಸಸ್‌ನಲ್ಲಿ ಬಿಗ್ ಬಾಯ್ಸ್, ಲಾಸ್ ಏಂಜಲೀಸಿನಲ್ಲಿ ಫಿಶ್‌ಬೋನ್ ಇದ್ದರು. ಈ ಬೆರಕೆಯಿಂದ ದೊಡ್ಡ ಹೆಸರು ಮಾಡಿದ್ದು ರೆಡ್ ಹಾಟ್ ಚಿಲಿ ಪೆಪ್ಪರ್ಸ್. 1991ರ ಅವರ ಜನಪ್ರಿಯ ಆಲ್ಬಮ್ ಅರ್ಪಣೆಯಾಗಿರುವುದು ಮೈಕ್ ವಾಟ್‌ಗೆ.

ಟಿವಿಯ 'ಜ್ಯಾಕ್ಯಾಸ್' ಕಾರ್ಯಕ್ರಮದಲ್ಲಿ ಬರುತ್ತಿದ್ದದ್ದು ಇವರ ಟ್ಯೂನಾ?

ಹೌದು, 'ಕೊರೋನ'ದ ಶುರುವಿನ ಗಿಟಾರ್. ಬಾಟಲಿ ಆರಿಸುವ ಹೆಂಗಸಿನ ಹಾಡು ಅಂತ ಗೊತ್ತಿಲ್ಲದೆಯೇ ಲಕ್ಷಾಂತರ ಜನ ಅದನ್ನು ಗುನುಗಿದ್ದಾರೆ. ಬೂನ್‌ನ ಅಪ್ಪನಿಗೆ ಆರೋಗ್ಯ ಸರಿ ಇರಲಿಲ್ಲ. ಹಾಡಿನ ಹಣ ಅವರಿಗೆ ಆಸರೆಯಾಗಲಿ ಅಂತ ವಾಟ್ ಒಪ್ಪಿಕೊಂಡ.

ಮೊದಲ ಸಲ ಕೇಳುವವರು ಎಲ್ಲಿಂದ ಶುರು ಮಾಡಬೇಕು?

'ಡಬಲ್ ನಿಕಲ್ಸ್' ಹಾಕಿ. ಎಲ್ಲವನ್ನೂ ಒಂದೇ ಸಲ ಕೇಳಲು ಹೋಗಬೇಡಿ, ತಲೆ ಗಿರ್ ಅನ್ನುತ್ತದೆ. ಒಂದು ದಿನಕ್ಕೆ ಒಂದು ಬದಿ ಸಾಕು. ಮೊದಲ ಸಲ ಬೇಸ್ ಮಾತ್ರ ಕೇಳಿ. ಎರಡನೇ ಸಲ ಡ್ರಮ್ಸ್. ಮೂರನೇ ಸಲ ಗಿಟಾರ್. ಪಂಕ್ ಗದ್ದಲ ಬೇಕಿದ್ದರೆ ಆಮೇಲೆ 'ದ ಪಂಚ್ ಲೈನ್'ಗೆ ಹೋಗಿ. ಫಂಕ್ ಇಷ್ಟವಿದ್ದವರಿಗೆ 1983ರ 'ವಾಟ್ ಮೇಕ್ಸ್ ಎ ಮ್ಯಾನ್ ಸ್ಟಾರ್ಟ್ ಫೈರ್ಸ್?' ಬಲು ಚೆನ್ನ.

ಗದ್ದಲವೇ ಬೇಡ ಅನ್ನುವವರಿಗೂ 'ಡಬಲ್ ನಿಕಲ್ಸ್'ನ ಮೊದಲ ಬದಿಯಲ್ಲಿ ಒಂದಿದೆ, 'ಕೊಹೀಷನ್'. ಎರಡು ನಿಮಿಷದ ಆಸುಪಾಸು. ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಮಾತಿಲ್ಲ. ಸ್ಪ್ಯಾನಿಷ್ ಧಾಟಿಯಲ್ಲಿ ಬೂನ್ ಒಬ್ಬನೇ ಕೂತು ಗಿಟಾರ್ ನುಡಿಸುತ್ತಾನೆ.